ಕಡತದ ಮೇಲಿನ ಷರಾ

ಪರದೇಶವೊಂದರಲ್ಲಿ ಉದ್ಯೋಗದ ವೀಸಾದ ಮೇಲೆ ನೆಲೆಸಿರುವ ನಾನು ಅದೇ ದೇಶದಲ್ಲಿ ಕೆಲವು ತಿಂಗಳ ಕಾಲ ‘ಅಕ್ರಮ ವಾಸಿ’ಯೂ ಆಗಿದ್ದೆ. ಅದಕ್ಕಾಗಿ ನಾನು ಯಾವ ಬೇಲಿಯನ್ನೂ ಹಾರಿರಲಿಲ್ಲ, ಯಾರ ಕಣ್ಣನ್ನೂ ತಪ್ಪಿಸಿರಲಿಲ್ಲ, ಸುಳ್ಳು ಹೆಸರನ್ನೂ ಹೇಳಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿಕೊಂಡು ಒಳಗೆ ಬಂದವನು ನಾನು. ತಿಂಗಳು ತಿಂಗಳು ನನ್ನ ಸಂಬಳದಲ್ಲಿ ಆ ದೇಶದ ತೆರಿಗೆ ಕಡಿತವಾಗುತ್ತಿತ್ತು. ಆದರೂ ಒಂದು ಮಧ್ಯರಾತ್ರಿ ಕಳೆದ ಮೇಲೆ ಕಾನೂನಿನ ದೃಷ್ಟಿಯಲ್ಲಿ ನಾನು ಬೇರೆಯೇ ಬಗೆಯ ಮನುಷ್ಯನಾದೆ. ಅದು ಹೇಗಾಯಿತು, ಅದರಿಂದ ಹೊರಬರಲು ಏನೇನು ಮಾಡಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ದೇಶದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಿಯಮಗಳ ವಿವರಗಳು ದೇಶದಿಂದ ದೇಶಕ್ಕೆ ಬೇರೆಯಾದರೂ, ಅವು ನಡೆದುಕೊಳ್ಳುವ ರೀತಿ ಶ್ರೀಮಂತ ದೇಶಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ.

ಉದ್ಯೋಗದಾತರ ಪ್ರಾಯೋಜಕತ್ವದ ಮೇಲೆ ನಿಂತ ವೀಸಾಗಳಲ್ಲಿ ಒಂದು ಮೂಲ ತೊಡಕಿದೆ. ಇರುವ ಹಕ್ಕು ಕೆಲಸಗಾರನದು, ಆದರೆ ಆ ಹಕ್ಕನ್ನು ಜೀವಂತವಾಗಿಡುವ ಕಾಗದಪತ್ರ ಮಾಲೀಕರ ಕೈಯಲ್ಲಿರುತ್ತದೆ. ನವೀಕರಣದ ಅರ್ಜಿಯನ್ನು ಸಂಸ್ಥೆಯೇ ಸಲ್ಲಿಸಬೇಕು, ಶುಲ್ಕವನ್ನು ಸಂಸ್ಥೆಯೇ ಕಟ್ಟಬೇಕು, ವಲಸೆ ಇಲಾಖೆ ಏನಾದರೂ ಕೇಳಿದರೆ ಸಂಸ್ಥೆಯೇ ಉತ್ತರಿಸಬೇಕು. ಸಂಸ್ಥೆಯವರು ಕೇಳಿದ ದಾಖಲೆಗಳನ್ನೆಲ್ಲ ನಾನು ಗಡುವಿಗೆ ಬಹಳ ಮುಂಚೆಯೇ ಕೊಟ್ಟಿದ್ದೆ. ವಿಚಾರಿಸಿದಾಗಲೆಲ್ಲ ‘ಅರ್ಜಿ ಹೋಗಿದೆ, ಚಿಂತೆ ಬೇಡ’ ಎಂಬ ಉತ್ತರ ಬರುತ್ತಿತ್ತು. ಅರ್ಜಿ ಹೋಗಿರಲಿಲ್ಲ. ಸಂಸ್ಥೆ ಆಗ ಹಣದ ಇಕ್ಕಟ್ಟಿನಲ್ಲಿತ್ತೆಂದೂ, ಪ್ರಾಯೋಜಕತ್ವದ ಶುಲ್ಕವನ್ನು ಇಂದು ನಾಳೆ ಎಂದು ಮುಂದೂಡುತ್ತ ಬಂದಿತ್ತೆಂದೂ ಆಮೇಲೆ ತಿಳಿಯಿತು. ಗಡುವು ಮೀರಿ ಕೆಲವು ವಾರಗಳಾದ ಮೇಲೆ ಮನೆಗೆ ಒಂದು ಪತ್ರ ಬಂತು. ‘ನಿಮಗೆ ಈ ದೇಶದಲ್ಲಿರಲು ಅನುಮತಿ ಇಲ್ಲ. ನೀವು ಹೊರಡತಕ್ಕದ್ದು. ಹೊರಡದಿದ್ದಲ್ಲಿ ನಿಮ್ಮನ್ನು ಬಂಧಿಸಿ ಗಡೀಪಾರು ಮಾಡಬಹುದು’ ಎಂಬುದು ಅದರ ಮೊದಲ ಪುಟದ ತಾತ್ಪರ್ಯ. ಎರಡನೆಯ ಪುಟದಲ್ಲಿ ನಾನು ಇನ್ನು ಮುಂದೆ ಮಾಡಬಾರದ ಕೆಲಸಗಳ ಪಟ್ಟಿಯಿತ್ತು: ಸಂಬಳಕ್ಕೆ ದುಡಿಯಬಾರದು, ಹೊಸದಾಗಿ ಬಾಡಿಗೆ ಮನೆ ಹಿಡಿಯಬಾರದು, ಬ್ಯಾಂಕಿನಲ್ಲಿ ಖಾತೆ ತೆರೆಯಬಾರದು, ವಾಹನ ಓಡಿಸಬಾರದು.

ಆ ಪತ್ರದಲ್ಲಿ ನನ್ನ ಕೃತ್ಯದ ಬಗ್ಗೆ ಒಂದು ಮಾತೂ ಇರಲಿಲ್ಲ. ನಾನು ಇಂಥದ್ದನ್ನು ಮಾಡಿದ್ದರಿಂದ ನನಗೆ ಹೀಗಾಗಿದೆ ಎಂದು ಅದು ಹೇಳುತ್ತಿರಲಿಲ್ಲ, ನಾನು ‘ಅಕ್ರಮ ವಾಸಿ’ ಆಗಿದ್ದೇನೆ ಎಂಬುದನ್ನಷ್ಟೇ ಹೇಳುತ್ತಿತ್ತು. ಇದನ್ನು ಊರಿನಲ್ಲಿರುವ ಅಕ್ಕನಿಗೆ ವಿವರಿಸಲು ಹೋಗಿ ಸೋತೆ. ‘ನೀನು ಏನೂ ಮಾಡದೆ ಸರ್ಕಾರದವರು ಹಾಗೆಲ್ಲ ಬರೀತಾರೇನೋ? ಇರೋ ವಿಷಯ ಹೇಳು, ನಾನೇನೂ ಬೈಯೋದಿಲ್ಲ’ ಎಂದಳು. ಅವಳ ತಪ್ಪಿಲ್ಲ. ಅಕ್ರಮ ಎಂದ ಕೂಡಲೇ ಕೇಳಿದವರ ಮನಸ್ಸು ಒಂದು ಕೃತ್ಯವನ್ನು ಹುಡುಕುತ್ತದೆ, ಕೃತ್ಯ ಸಿಗದಿದ್ದರೆ ಅದನ್ನು ಮುಚ್ಚಿಡಲಾಗಿದೆ ಎಂದುಕೊಳ್ಳುತ್ತದೆ. ಆದರೆ ಶ್ರೀಮಂತ ದೇಶಗಳಲ್ಲಿ ದಾಖಲೆಯಿಲ್ಲದೆ ಇರುವವರಲ್ಲಿ ದೊಡ್ಡದೊಂದು ಪಾಲು ನನ್ನಂತೆ ಮುಂಬಾಗಿಲಿನಿಂದ, ಸಕ್ರಮವಾದ ವೀಸಾ ಹಿಡಿದು ಬಂದವರು. ಅವರು ಎಲ್ಲಿಯೂ ಗಡಿಯನ್ನು ಮುರಿದಿಲ್ಲ, ಅವರ ಕಾಗದದ ಅವಧಿ ಮುಗಿದಿದೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಮಾತ್ರ ಯಾವಾಗಲೂ ಬೇಲಿಯ, ದೋಣಿಯ, ಲಾರಿಯ ಚಿತ್ರ.

ಮೊದಲ ಏಟು ಬಿದ್ದದ್ದು ಸಂಬಳದ ಮೇಲೆ. ಸಂಸ್ಥೆ ನನ್ನನ್ನು ಅಂದೇ ಕೆಲಸದಿಂದ ನಿಲ್ಲಿಸಿತು. ಅದು ಕಾನೂನಿನ ಪ್ರಕಾರ ಅವರ ಕರ್ತವ್ಯವಾಗಿತ್ತು. ಆದರೆ ಅದಕ್ಕೂ ಮುಂಚೆ ದುಡಿದ ತಿಂಗಳುಗಳ ಬಾಕಿಯನ್ನು ಕೊಡಲು ಮೀನಮೇಷ ಎಣಿಸತೊಡಗಿದಾಗ ನಾನು ಕಾರ್ಮಿಕ ಇಲಾಖೆಗೆ ದೂರು ಕೊಡುವ ಮಾತೆತ್ತಿದೆ. ಅದಕ್ಕೆ ಬಂದ ಉತ್ತರ ಬಹಳ ಮೃದುವಾಗಿತ್ತು: ‘ಈಗಿನ ನಿಮ್ಮ ಸ್ಥಿತಿಯಲ್ಲಿ ಸರ್ಕಾರಿ ಕಚೇರಿಗಳ ಸಂಪರ್ಕ ನಿಮಗೆ ಒಳ್ಳೆಯದೇ ಎಂದು ಯೋಚಿಸಿ ನೋಡಿ.’ ಬೆದರಿಕೆಯ ಒಂದು ಪದವೂ ಅದರಲ್ಲಿರಲಿಲ್ಲ, ಇರಬೇಕಾದ ಅಗತ್ಯವೂ ಇರಲಿಲ್ಲ. ಆ ಹಣೆಪಟ್ಟಿ ಯಾರಿಗೆ ಉಪಯೋಗಕ್ಕೆ ಬರುತ್ತದೆ ಎಂಬುದು ನನಗೆ ಅಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಂಡಿತು. ಅದು ದೇಶವನ್ನು ರಕ್ಷಿಸುತ್ತದೆಯೋ ಇಲ್ಲವೋ, ಸಂಬಳ ಉಳಿಸಿಕೊಂಡವನನ್ನು ಮಾತ್ರ ಚೆನ್ನಾಗಿ ರಕ್ಷಿಸುತ್ತದೆ. ದೂರು ಕೊಡಲಾರದ ಕೆಲಸಗಾರನಿಗಿಂತ ಅಗ್ಗದ ಕೆಲಸಗಾರ ಬೇರೊಬ್ಬನಿಲ್ಲ, ಮತ್ತು ಅವನು ಅಗ್ಗವಾದಾಗ ಅವನ ಪಕ್ಕದಲ್ಲಿ ದುಡಿಯುವ ಆ ದೇಶದ ನಾಗರಿಕನ ಕೂಲಿಯೂ ಇಳಿಯಬಹುದು. ಈ ಕಾರಣಕ್ಕಾಗಿಯೇ, ಕಾರ್ಮಿಕ ಇಲಾಖೆ, ಆಸ್ಪತ್ರೆ, ಶಾಲೆ ಮತ್ತು ಪೊಲೀಸ್ ಠಾಣೆಗಳಿಗೆ ಬರುವ ಮಾಹಿತಿ ವಲಸೆ ಇಲಾಖೆಗೆ ಹೋಗದಂತೆ ನಡುವೆ ಒಂದು ಗೋಡೆ ಇರಬೇಕು ಎಂದು ರಾಜಕೀಯ ತತ್ತ್ವಜ್ಞ ಜೋಸೆಫ್ ಕ್ಯಾರೆನ್ಸ್ ವಾದಿಸಿದ್ದಾರೆ. ಗಡಿಯ ಬಗ್ಗೆ ಯಾರ ನಿಲುವು ಏನೇ ಇರಲಿ, ಅಷ್ಟನ್ನಾದರೂ ಒಪ್ಪಿಕೊಳ್ಳಲು ಅಡ್ಡಿ ಏನಿದೆ ಎಂಬುದು ನನಗೆ ಈಗಲೂ ಅರ್ಥವಾಗುವುದಿಲ್ಲ.

ವಕೀಲರೊಬ್ಬರು ಸಿಕ್ಕರು. ವಲಸೆ ಪ್ರಕರಣಗಳನ್ನೇ ನಡೆಸುವ, ಬಹಳ ಮಾತಾಡದ ಹೆಂಗಸು. ಪ್ರಕರಣಕ್ಕೆ ಎರಡು ಆಧಾರಗಳಿವೆ ಎಂದು ಅವರು ವಿವರಿಸಿದರು: ಗಡುವು ತಪ್ಪಿದ್ದು ನನ್ನಿಂದಲ್ಲ ಎಂಬುದು ಒಂದು, ನಾನು ಆ ದೇಶದಲ್ಲಿ ನಿರಂತರವಾಗಿ ವಾಸಿಸಿ ಅಲ್ಲಿ ಬದುಕು ಕಟ್ಟಿಕೊಂಡಿದ್ದೇನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಇಮೇಲುಗಳು ಸಾಕಾದವು. ಎರಡನೆಯದಕ್ಕೆ ಬೇಕಾದದ್ದು ನಾನು ಅಲ್ಲಿ ಇದ್ದೆ ಎಂಬುದರ ಪುರಾವೆ, ಅದೂ ಎಲ್ಲ ವರ್ಷಗಳದ್ದು, ನಡುವೆ ಕಂಡಿ ಬೀಳದಂತೆ. ಅವರ ಕಚೇರಿಯ ಉದ್ದನೆಯ ಮೇಜಿನ ಮೇಲೆ ನಾವು ಕಾಗದಗಳನ್ನು ತಿಂಗಳುವಾರು ಹರಡಿದೆವು. ಸಂಬಳದ ಚೀಟಿ, ವಿದ್ಯುತ್ ಬಿಲ್ಲು, ಬಾಡಿಗೆ ರಸೀದಿ, ಗ್ರಂಥಾಲಯದ ಸದಸ್ಯತ್ವದ ಚೀಟಿ, ದಂತವೈದ್ಯರು ಸಮಯ ಕೊಟ್ಟ ಪತ್ರ. ಒಂದು ವರ್ಷದ ನಡುವೆ ಕೆಲವು ತಿಂಗಳು ಮೇಜು ಖಾಲಿ ಉಳಿಯಿತು. ಮನೆ ಬದಲಿಸಿದ ಕಾಲ ಅದು. ಬಿಲ್ಲುಗಳು ಜೊತೆಯಲ್ಲಿದ್ದವರ ಹೆಸರಿನಲ್ಲಿದ್ದವು. ಅಲ್ಲಿ ನಾನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಬಂದದ್ದು, ಜ್ವರದಲ್ಲಿ ಮಲಗಿದ್ದು, ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟದ್ದು ಎಲ್ಲ ನನಗೆ ನೆನಪಿತ್ತು. ‘ನೀವು ಇಲ್ಲೇ ಇದ್ದಿರಿ ಅನ್ನುವುದು ನಿಮಗೆ ಗೊತ್ತು, ನಾನೂ ನಂಬುತ್ತೇನೆ. ಕಡತಕ್ಕೆ ಗೊತ್ತಿಲ್ಲ’ ಎಂದರು ವಕೀಲರು. ಕೊನೆಗೆ ಆ ಮಕ್ಕಳ ತಾಯಿ ಒಂದು ಅಫಿಡವಿಟ್ ಬರೆದುಕೊಟ್ಟರು. ತನ್ನ ಹೆಸರು, ವಿಳಾಸ, ವೃತ್ತಿ ಎಲ್ಲವನ್ನೂ ಒಂದು ಸರ್ಕಾರಿ ಕಡತಕ್ಕೆ ಒಪ್ಪಿಸಿ, ನನಗಾಗಿ ಪ್ರಮಾಣ ಮಾಡಿದರು.

ಬ್ರಿಟನ್ನಿನಲ್ಲಿ ನಡೆದದ್ದನ್ನು ವಕೀಲರು ಆ ಮೇಜಿನ ಬಳಿಯೇ ಹೇಳಿದರು. 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ಬಂದಂದಿನಿಂದ 1970ರ ದಶಕದ ಆರಂಭದವರೆಗೆ ಕೆರೀಬಿಯನ್ ದ್ವೀಪಗಳಿಂದ ಸಾವಿರಾರು ಜನ ಅಲ್ಲಿಗೆ ಹೋಗಿ ನೆಲೆಸಿದರು. 1971ರ ವಲಸೆ ಕಾಯ್ದೆ ಅವರಿಗೆ ಅಲ್ಲಿಯೇ ಇರುವ ಹಕ್ಕನ್ನು ಕೊಟ್ಟಿತು, ಆದರೆ ಆ ಹಕ್ಕಿನ ದಾಖಲೆಯನ್ನು ಎಲ್ಲರ ಕೈಗೂ ಕೊಡಲಿಲ್ಲ. ನಾಲ್ಕು ದಶಕ ಕಳೆದ ಮೇಲೆ, 2014 ಮತ್ತು 2016ರ ಕಾಯ್ದೆಗಳು ಮನೆ ಮಾಲೀಕ, ಉದ್ಯೋಗದಾತ, ಬ್ಯಾಂಕು ಎಲ್ಲರೂ ವಲಸೆ ದಾಖಲೆಗಳನ್ನು ತಪಾಸಣೆ ಮಾಡಬೇಕೆಂದಾಗ, ಬಾಲ್ಯದಿಂದ ಅಲ್ಲಿಯೇ ಬೆಳೆದು ಮುಪ್ಪಾದವರು ತಾವು ಯಾವಾಗ ಬಂದೆವೆಂದು ಸಾಬೀತು ಮಾಡಲಾರದೆ ಹೋದರು. ಅವರು ಬಂದಿಳಿದಾಗ ತುಂಬಿದ ಚೀಟಿಗಳನ್ನು ಸರ್ಕಾರವೇ 2010ರಲ್ಲಿ ನಾಶಮಾಡಿತ್ತು. ಕೆಲಸ ಕಳೆದುಕೊಂಡವರು, ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದವರು, ಬಂಧನ ಕೇಂದ್ರಕ್ಕೆ ಹೋದವರು, ಗಡೀಪಾರಾದವರು ಅವರಲ್ಲಿದ್ದರು. 2018ರಲ್ಲಿ ಇದು ಬಯಲಾಗಿ ಗೃಹ ಸಚಿವೆ ರಾಜೀನಾಮೆ ಕೊಡಬೇಕಾಯಿತು. ಇವರು ಒಂದು ದಿನವೂ ಕಾನೂನಿಗೆ ಹೊರತಾಗಿರಲಿಲ್ಲ. ಅಕ್ರಮ ಎಂಬ ಷರಾ ಬೀಳಲು ಅಕ್ರಮ ನಡೆದಿರಲೇಬೇಕೆಂದಿಲ್ಲ, ಪುರಾವೆಯ ಹೊರೆ ಯಾರ ಹೆಗಲಿಗೆ ಬಿದ್ದಿದೆ ಎಂಬುದರಿಂದಲೇ ಅದು ಬೀಳಬಹುದು.

ಮೇಲ್ಮನವಿ ಸಲ್ಲಿಕೆಯಾದ ಮೇಲೆ, ಅದು ಇತ್ಯರ್ಥವಾಗುವವರೆಗೆ ನಾನು ಹದಿನೈದು ದಿನಕ್ಕೊಮ್ಮೆ ವಲಸೆ ಇಲಾಖೆಯ ಕಚೇರಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಸಹಿ ಹಾಕುವುದು ಒಂದು ನಿಮಿಷದ ಕೆಲಸ. ಅದಕ್ಕಾಗಿ ಕಾಯುವುದು ಇಡೀ ಬೆಳಗು. ಅಲ್ಲಿಗೆ ಹೋದವರು ಮರಳಿ ಮನೆಗೆ ಬರುವುದು ಖಚಿತವಲ್ಲವಾದ್ದರಿಂದ ಅನುಭವಸ್ಥರು ಔಷಧಿಯನ್ನೂ ಮನೆಯವರ ಫೋನ್ ನಂಬರುಗಳನ್ನು ಬರೆದ ಚೀಟಿಯನ್ನೂ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಸಹಿ ಹಾಕಲು ಹೋದಲ್ಲೇ ಬಂಧನವಾಗುವುದುಂಟು. ಕಿಟಕಿಯ ಹಿಂದೆ ಕುಳಿತ ಗುಮಾಸ್ತರು ಕೆಟ್ಟವರೇನಲ್ಲ. ಅವರಲ್ಲೊಬ್ಬರು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಪ್ರತಿಸಲವೂ ಪ್ರಯತ್ನಿಸುತ್ತಿದ್ದರು. ಅವರ ಮುಂದಿದ್ದ ಪರದೆಯಲ್ಲಿ ಹೆಸರಿನ ಪಕ್ಕದಲ್ಲೇ ಬೇರೆ ಬಣ್ಣದಲ್ಲಿ ಆ ಷರಾ ಕಾಣುತ್ತಿತ್ತು, ಮತ್ತು ಅಲ್ಲಿ ಕುಳಿತ ನಮ್ಮೆಲ್ಲರಿಗೂ ಅದು ಒಂದೇ ಆಗಿತ್ತು.

ನಾವು ಒಂದೇ ಆಗಿರಲಿಲ್ಲ. ನನ್ನ ಪಕ್ಕ ಹೆಚ್ಚಾಗಿ ಕೂರುತ್ತಿದ್ದ ಹೆಂಗಸು ನಡುವಯಸ್ಸಿನವರು, ಹಾಸಿಗೆ ಹಿಡಿದ ವೃದ್ಧರೊಬ್ಬರ ಆರೈಕೆಗೆಂದು ಪರವಾನಗಿ ಪಡೆದು ಬಂದವರು. ಆ ಪರವಾನಗಿ ಆ ಒಬ್ಬ ವೃದ್ಧರ ಹೆಸರಿಗೆ ಕಟ್ಟಿದ್ದಾಗಿತ್ತು. ಅವರಿಗೆ ಸ್ನಾನ ಮಾಡಿಸಿ, ಗುಟುಕು ಗುಟುಕಾಗಿ ಗಂಜಿ ಕುಡಿಸಿ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ, ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಿ ನೋಡಿಕೊಂಡಿದ್ದರು. ವೃದ್ಧರು ತೀರಿಕೊಂಡ ಮೇಲೆ ಅವರ ಮಕ್ಕಳು ಮನೆಗೆ ಬೀಗ ಹಾಕಿದರು. ಪರವಾನಗಿಯ ಅವಧಿಯೂ ಅಲ್ಲಿಗೆ ತೀರಿತು. ಬೇರೆ ಮನೆ ಹುಡುಕಲು ನಿಯಮ ಕೊಟ್ಟ ಕಾಲಾವಕಾಶದಲ್ಲಿ ಕೆಲಸ ಸಿಗಲಿಲ್ಲ, ಸಿಕ್ಕಾಗ ಅವಕಾಶ ಮುಗಿದಿತ್ತು. ಕೊನೆಯ ತಿಂಗಳುಗಳ ಸಂಬಳವೂ ಬಂದಿರಲಿಲ್ಲ. ‘ಅವರ ಉಸಿರು ನಿಂತಾಗ ನಾನು ಕೈ ಹಿಡಿದುಕೊಂಡಿದ್ದೆ. ಅದೇ ಗಳಿಗೆಯಿಂದ ನಾನು ಅಕ್ರಮ ಅಂತೆ’ ಎಂದು ಅವರು ಹೇಳಿದ್ದರು. ಇದನ್ನು ಕೇಳಿದ ಮೇಲೆ ಆ ಷರಾದ ಪರವಾಗಿ ಎಷ್ಟು ದೊಡ್ಡ ವಾದವನ್ನು ಓದಿದರೂ ನನಗೆ ಈ ಹೆಂಗಸಿನ ಮುಖವೇ ಎದುರಾಗುತ್ತದೆ.

ಎದುರು ಸಾಲಿನಲ್ಲಿ ಕೂರುತ್ತಿದ್ದ ಯುವಕ ಯುದ್ಧದಿಂದ ಓಡಿಬಂದವನು. ಅವನು ನಿಜವಾಗಿಯೂ ಲಾರಿಯೊಳಗೆ ಅಡಗಿ ಗಡಿ ದಾಟಿದ್ದ, ದಾಟಿದ ದಿನವೇ ಪೊಲೀಸರ ಬಳಿ ಹೋಗಿ ಆಶ್ರಯ ಕೇಳಿದ್ದ. 1951ರ ನಿರಾಶ್ರಿತರ ಒಪ್ಪಂದದ 31ನೆಯ ವಿಧಿ ಇಂಥವರಿಗೆಂದೇ ಇದೆ: ಜೀವಕ್ಕೋ ಸ್ವಾತಂತ್ರ್ಯಕ್ಕೋ ಅಪಾಯವಿರುವ ಕಡೆಯಿಂದ ನೇರವಾಗಿ ಬಂದು, ತಡಮಾಡದೆ ಅಧಿಕಾರಿಗಳ ಮುಂದೆ ಹಾಜರಾಗಿ ಸಕಾರಣ ತೋರಿಸುವ ನಿರಾಶ್ರಿತನನ್ನು ಅನುಮತಿಯಿಲ್ಲದೆ ಪ್ರವೇಶಿಸಿದ್ದಕ್ಕಾಗಿ ದಂಡಿಸಕೂಡದು. ಒಪ್ಪಂದವನ್ನು ಬರೆದವರಿಗೆ ತಿಳಿದಿತ್ತು, ಪ್ರಾಣಭಯದಿಂದ ಓಡುವವನು ತನ್ನನ್ನು ಕೊಲ್ಲಬಂದ ಸರ್ಕಾರದ ಕಚೇರಿಯಲ್ಲಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಕಾಯಲಾರ ಎಂದು. ಆಶ್ರಯ ಕೇಳಲು ಆ ದೇಶದ ನೆಲದ ಮೇಲಿರಬೇಕು, ಆದರೆ ಆಶ್ರಯ ಕೇಳಲು ಬರುತ್ತೇನೆಂದರೆ ವೀಸಾ ಕೊಡುವವರಿಲ್ಲ. ಸಕ್ರಮವಾದ ದಾರಿಯನ್ನು ಮುಚ್ಚಿಟ್ಟು, ಉಳಿದ ದಾರಿ ಹಿಡಿದವನನ್ನು ಅಕ್ರಮ ಎನ್ನುವುದರಲ್ಲಿ ನ್ಯಾಯವಿಲ್ಲ.

ದುಡಿಯುವಂತಿರಲಿಲ್ಲವಾದ್ದರಿಂದ ಉಳಿದ ದಿನಗಳನ್ನು ನಾನು ಸಾರ್ವಜನಿಕ ಗ್ರಂಥಾಲಯದಲ್ಲಿ ಕಳೆದೆ. ನನ್ನ ಬದುಕನ್ನು ಹಿಡಿದಿಟ್ಟಿದ್ದ ಈ ವ್ಯವಸ್ಥೆ ಅನಾದಿಯಿಂದ ಬಂದದ್ದಲ್ಲ ಎಂಬುದು ಅಲ್ಲಿ ತಿಳಿದ ಮೊದಲ ಸಂಗತಿ. ಮೊದಲ ಮಹಾಯುದ್ಧಕ್ಕೆ ಮುಂಚೆ ಯೂರೋಪಿನ ಬಹುಭಾಗದಲ್ಲಿ ಜನ ಪಾಸ್‌ಪೋರ್ಟ್ ಇಲ್ಲದೆ ಓಡಾಡುತ್ತಿದ್ದರು. ಯುದ್ಧಕಾಲದ ತಾತ್ಕಾಲಿಕ ಕ್ರಮವಾಗಿ ಬಂದ ತಪಾಸಣೆ ಆಮೇಲೆ ಹೋಗಲೇ ಇಲ್ಲ. 1920ರಲ್ಲಿ ಪ್ಯಾರಿಸ್ಸಿನಲ್ಲಿ ರಾಷ್ಟ್ರಸಂಘ (ವಿಶ್ವಸಂಸ್ಥೆಗೆ ಮುಂಚಿನ ಲೀಗ್ ಆಫ್ ನೇಷನ್ಸ್) ನಡೆಸಿದ ಸಮ್ಮೇಳನ ಪಾಸ್‌ಪೋರ್ಟ್ ಪುಸ್ತಿಕೆಗೆ ಒಂದು ಏಕರೂಪ ಕೊಟ್ಟಿತು. ಪೌರತ್ವ ಕಳೆದುಕೊಂಡ ರಷ್ಯನ್ ನಿರಾಶ್ರಿತರಿಗಾಗಿ 1922ರಲ್ಲಿ ಅದೇ ಸಂಘದ ನಿರಾಶ್ರಿತರ ಹೈಕಮಿಷನರ್ ಫ್ರಿಟ್ಯೋಫ್ ನಾನ್ಸೆನ್ ಬೇರೆಯದೇ ಪ್ರಯಾಣಪತ್ರವನ್ನು ರೂಪಿಸಬೇಕಾಗಿ ಬಂತು. ಹಾಗೆಂದು ಹಿಂದಿನ ಕಾಲ ಎಲ್ಲರಿಗೂ ಮುಕ್ತವಾಗಿತ್ತೆಂದು ತಿಳಿಯಬಾರದು. 1914ರ ಮೇ ತಿಂಗಳಲ್ಲಿ ‘ಕೊಮಾಗಾಟಾ ಮಾರು’ ಎಂಬ ಹಡಗು, ಬಹುತೇಕ ಪಂಜಾಬಿನವರಾದ 376 ಪ್ರಯಾಣಿಕರನ್ನು ಹೊತ್ತು ಕೆನಡಾದ ವ್ಯಾಂಕೂವರ್ ತಲುಪಿತು. ಅವರೂ ಕೆನಡಾದವರೂ ಒಂದೇ ಬ್ರಿಟಿಷ್ ಸಾಮ್ರಾಜ್ಯದ ಪ್ರಜೆಗಳು. ಭಾರತೀಯರು ಬರಬಾರದು ಎಂದು ಕೆನಡಾದ ಕಾನೂನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸ್ವದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎನ್ನುತ್ತಿತ್ತು, ಮತ್ತು ಭಾರತದಿಂದ ಹಾಗೆ ನೇರವಾಗಿ ಬರುವ ಹಡಗು ಇರಲಿಲ್ಲ. ಎರಡು ತಿಂಗಳು ಬಂದರಿನಲ್ಲಿ ನಿಲ್ಲಿಸಿಟ್ಟು, ಬೆರಳೆಣಿಕೆಯಷ್ಟು ಜನರನ್ನು ಮಾತ್ರ ಇಳಿಸಿಕೊಂಡು, ಹಡಗನ್ನು ಹಿಂದಕ್ಕೆ ಅಟ್ಟಲಾಯಿತು. ಕಲ್ಕತ್ತೆಯ ಬಳಿಯ ಬಜ್‌ಬಜ್‌ನಲ್ಲಿ ಇಳಿದವರ ಮೇಲೆ ಗುಂಡು ಹಾರಿ ಹಲವರು ಸತ್ತರು. 2016ರಲ್ಲಿ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಆ ಪ್ರಯಾಣಿಕರು ಅಂದಿನ ನಿಯಮದ ಪ್ರಕಾರ ಪ್ರವೇಶಕ್ಕೆ ಅನರ್ಹರೇ ಹೌದು. ಅವರು ಅನರ್ಹರಾಗಲಿ ಎಂದೇ ನಿಯಮವನ್ನು ಹಾಗೆ ಹೆಣೆದಿದ್ದರು.

ಗಡಿಯೇ ಬೇಡ ಎಂಬ ವಾದ ನನ್ನದಲ್ಲ. ಕೂಡಿ ಬಾಳುವ ಜನ ತಮ್ಮ ಜೊತೆ ಯಾರು ಸೇರಬೇಕೆಂದು ಮಾತಾಡಿಕೊಳ್ಳುವ ಹಕ್ಕನ್ನು ಪೂರ್ತಿ ಕಳೆದುಕೊಂಡರೆ, ತಮ್ಮ ಶಾಲೆ, ಆಸ್ಪತ್ರೆ, ಪಿಂಚಣಿಗಳ ಹೊಣೆಯನ್ನು ಹೊರುವ ಮನಸ್ಸನ್ನೂ ಕಳೆದುಕೊಳ್ಳಬಹುದು ಎಂಬ ಆತಂಕವನ್ನು ನಾನು ಗೌರವದಿಂದ ಕೇಳುತ್ತೇನೆ. ಅಮೆರಿಕದ ಚಿಂತಕ ಮೈಕಲ್ ವಾಲ್ಜರ್ 1983ರಲ್ಲಿ ಈ ಹಕ್ಕನ್ನು ಬಲವಾಗಿ ಸಮರ್ಥಿಸಿದವರು. ಆದರೆ ಅವರೇ, ದುಡಿಮೆಗೆಂದು ಒಳಗೆ ಕರೆದುಕೊಂಡವರಿಗೆ ಪೌರತ್ವದ ದಾರಿಯನ್ನು ತೆರೆಯದೆ ಅವರನ್ನು ಕಾಯಂ ಹೊರಗಿನವರನ್ನಾಗಿ ಇಟ್ಟುಕೊಂಡರೆ ಅದು ನಾಗರಿಕರು ನಡೆಸುವ ದಬ್ಬಾಳಿಕೆಯಾಗುತ್ತದೆ ಎಂದೂ ಹೇಳಿದರು. ಗಡಿಯನ್ನು ಸಮರ್ಥಿಸುವವರು ಅವರ ಮೊದಲ ಮಾತನ್ನು ತೆಗೆದುಕೊಳ್ಳುವಷ್ಟು ಉತ್ಸಾಹದಿಂದ ಎರಡನೆಯದನ್ನು ತೆಗೆದುಕೊಂಡಿದ್ದರೆ ನನ್ನ ಪಕ್ಕ ಕೂರುತ್ತಿದ್ದ ಹೆಂಗಸು ಆ ಕಚೇರಿಗೆ ಬರಬೇಕಾಗಿರಲಿಲ್ಲ. ಕ್ಯಾರೆನ್ಸ್ ಅವರದು ಇನ್ನೂ ದೂರ ಹೋಗುವ ಮಾತು: ಶ್ರೀಮಂತ ದೇಶದ ಪೌರತ್ವ ಇಂದಿನ ಲೋಕದಲ್ಲಿ ಊಳಿಗಮಾನ್ಯ ಕಾಲದ ವಂಶಪಾರಂಪರ್ಯ ಸವಲತ್ತಿನಂತಿದೆ, ಹುಟ್ಟಿನಿಂದ ಬಂದದ್ದು ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆ ಸಿಗುವುದು ಕಷ್ಟ ಎಂದು ಅವರು 1987ರಲ್ಲಿ ಬರೆದರು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿ ಯಾವುದೇ ದೇಶವನ್ನು ಬಿಟ್ಟು ಹೋಗುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಬೇರೊಂದು ದೇಶವನ್ನು ಪ್ರವೇಶಿಸುವ ಹಕ್ಕನ್ನು ಕೊಡುವುದಿಲ್ಲ. ಹೊರಡುವ ಹಕ್ಕಿದ್ದು ಹೋಗಿ ಸೇರುವ ಎಡೆ ಇಲ್ಲದವನು ಎಲ್ಲಿ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಲೋಕ ಹಾಗೆಯೇ ಬಿಟ್ಟಿದೆ.

ನನ್ನ ತಕರಾರು ಇದಕ್ಕಿಂತ ಚಿಕ್ಕದು, ಆದ್ದರಿಂದಲೇ ಒಪ್ಪಿಕೊಳ್ಳಲು ಸುಲಭವಾದದ್ದು ಎಂದುಕೊಂಡಿದ್ದೇನೆ. ದೇಶ ನಿಯಮ ಮಾಡಲಿ, ನಿಯಮ ಮೀರಿದವರ ಬಗ್ಗೆ ವಿಚಾರಣೆ ನಡೆಸಲಿ, ನ್ಯಾಯವಾಗಿ ಕೇಳಿದ ಮೇಲೆ ಕೆಲವರನ್ನು ಹಿಂದಕ್ಕೂ ಕಳಿಸಲಿ. ಆದರೆ ಕೇಳುವುದಕ್ಕೆ ಮುಂಚೆಯೇ ಮನುಷ್ಯನಿಗೆ ಅಕ್ರಮ ಎಂಬ ಹೆಸರಿಡುವ ಹಕ್ಕು ಅದಕ್ಕಿಲ್ಲ, ಏಕೆಂದರೆ ಆ ಹೆಸರು ಬಿದ್ದ ಮೇಲೆ ಯಾರೂ ಏನನ್ನೂ ಕೇಳುವುದಿಲ್ಲ. ತೆರಿಗೆ ತಪ್ಪಿಸಿದವನನ್ನು ಯಾರೂ ಅಕ್ರಮ ಮನುಷ್ಯ ಎನ್ನುವುದಿಲ್ಲ, ಪರವಾನಗಿಯಿಲ್ಲದೆ ಮನೆಯ ಮೇಲೆ ಮಹಡಿ ಕಟ್ಟಿದವನನ್ನೂ ಅನ್ನುವುದಿಲ್ಲ; ಅಲ್ಲಿ ಅಕ್ರಮವಾದದ್ದು ಲೆಕ್ಕ, ಅಥವಾ ಮಹಡಿ. ಎಷ್ಟೋ ಸಣ್ಣ ಅಪರಾಧಗಳಿಗೆ ಕಾನೂನು ಕಾಲಮಿತಿ ಇಟ್ಟಿದೆ, ವರ್ಷಗಳು ಕಳೆದರೆ ಮೊಕದ್ದಮೆ ಹೂಡುವಂತಿಲ್ಲ. ವಾಸದ ಅನುಮತಿ ಇಲ್ಲದವನಿಗೆ ಮಾತ್ರ ಕಾಲ ಕಳೆದಷ್ಟೂ ಹೊರೆ ಹೆಚ್ಚುತ್ತದೆ. ವಾಸ್ತವವಾಗಿ ನಡೆಯಬೇಕಾದದ್ದು ಇದರ ವಿರುದ್ಧ: ಒಂದು ನೆಲದಲ್ಲಿ ಹತ್ತಾರು ವರ್ಷ ದುಡಿದು, ನೆರೆಹೊರೆ ಸಂಪಾದಿಸಿಕೊಂಡು, ಮಕ್ಕಳನ್ನು ಶಾಲೆಗೆ ಕಳಿಸಿದವನಿಗೆ ಆ ನೆಲದ ಮೇಲಿನ ಹಕ್ಕು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಬೇಕು.

ಕೃತ್ಯ ಬೇರೆ, ಮನುಷ್ಯ ಬೇರೆ ಎಂಬ ಈ ಭೇದ ಕಾನೂನಿನ ಲೋಕಕ್ಕೆ ತಿಳಿಯದ್ದೇನಲ್ಲ. 1975ರ ಡಿಸೆಂಬರಿನಲ್ಲಿಯೇ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ತನ್ನ 3449ನೆಯ ಗೊತ್ತುವಳಿಯಲ್ಲಿ, ತನ್ನ ಅಂಗಸಂಸ್ಥೆಗಳು ಅಧಿಕೃತ ಬರಹಗಳಲ್ಲಿ ದಾಖಲೆರಹಿತ ಅಥವಾ ಅನಿಯಮಿತ ವಲಸೆ ಕಾರ್ಮಿಕರು ಎಂದೇ ಬಳಸಬೇಕೆಂದು ಕೇಳಿಕೊಂಡಿತ್ತು. ಅನುಮತಿಯಿಲ್ಲದೆ ಉಳಿದಿದ್ದಾನೆ ಎಂಬ ಕಾರಣಕ್ಕಷ್ಟೇ, ದೇಶ ಬಿಡಬೇಕೆಂಬ ಆದೇಶವನ್ನು ಪಾಲಿಸದ ವಲಸಿಗನನ್ನು ಸೆರೆಮನೆಗೆ ಹಾಕುವ ಇಟಲಿಯ ಕಾನೂನು ಐರೋಪ್ಯ ಒಕ್ಕೂಟದ ನಿಯಮಕ್ಕೆ ವಿರುದ್ಧ ಎಂದು ಆ ಒಕ್ಕೂಟದ ನ್ಯಾಯಾಲಯ 2011ರಲ್ಲಿ ತೀರ್ಪು ಕೊಟ್ಟಿತು. ಅರಿಜೋನಾ ರಾಜ್ಯದ ವಲಸೆ ಕಾನೂನಿನ ಪ್ರಕರಣದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2012ರಲ್ಲಿ, ಹೊರಹಾಕಲು ಅವಕಾಶವಿರುವ ವಿದೇಶಿಯೊಬ್ಬ ದೇಶದಲ್ಲಿ ಉಳಿದಿರುವುದು ಸಾಮಾನ್ಯವಾಗಿ ಅಪರಾಧವಲ್ಲ ಎಂದು ಹೇಳಿತು. 2013ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ, ಕೃತ್ಯವನ್ನು ಅಕ್ರಮ ಎನ್ನಬಹುದು, ವ್ಯಕ್ತಿಯನ್ನಲ್ಲ ಎಂದು ತನ್ನ ಬರಹದ ನಿಯಮವನ್ನು ಬದಲಿಸಿಕೊಂಡಿತು. ಇಷ್ಟಾದರೂ ನನಗೆ ಬಂದ ಪತ್ರವನ್ನು ಬರೆದವರಿಗೆ ಬೇರೆ ಭಾಷೆ ಸಿಗಲಿಲ್ಲ.

ಸಾಲಿನಲ್ಲಿ ಕಾದು ಬಂದವರಿಗೆ ಅನ್ಯಾಯವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು, ಸಕ್ರಮವಾಗಿ ಬಂದ ನನ್ನದೇ ಸಹೋದ್ಯೋಗಿಗಳು ಕೇಳಿದ್ದಾರೆ. ಅದು ಪ್ರಾಮಾಣಿಕ ಪ್ರಶ್ನೆ. ಆದರೆ ಸಾಲು ಎಲ್ಲರಿಗೂ ಇಲ್ಲ. ಪದವಿ ಇದ್ದವನಿಗೆ, ಬಂಡವಾಳ ಇದ್ದವನಿಗೆ, ಅಲ್ಲಿ ರಕ್ತಸಂಬಂಧಿ ಇದ್ದವನಿಗೆ ಸಾಲಿದೆ. ಹಣ್ಣು ಕೀಳುವ, ಗಾರೆ ಕಲಸುವ, ಮುದುಕರ ಮೈ ತೊಳೆಯುವ ಕೆಲಸಕ್ಕೆ ಕೈಗಳು ಬೇಕೆಂದು ಆ ದೇಶವೇ ಕಾದಿದ್ದರೂ ಆ ಕೈಗಳಿಗೆ ನಿಲ್ಲಲು ಸಾಲು ಬಹಳ ಕಡೆ ಇಲ್ಲವೇ ಇಲ್ಲ.

ವಿಚಾರಣೆ ನಡೆದದ್ದು ಒಂದು ಸಣ್ಣ ಕೋಣೆಯಲ್ಲಿ. ನ್ಯಾಯಾಧೀಶರು ಕೇಳಿದ್ದೆಲ್ಲ ಕೃತ್ಯದ ಬಗ್ಗೆ: ಯಾವ ದಿನ ಯಾವ ದಾಖಲೆ ಕೊಟ್ಟಿರಿ, ಯಾರನ್ನು ವಿಚಾರಿಸಿದಿರಿ, ಏನು ಉತ್ತರ ಬಂತು. ಅಷ್ಟೂ ತಿಂಗಳಲ್ಲಿ ಸರ್ಕಾರದ ಕಡೆಯಿಂದ ಯಾರಾದರೂ ನನ್ನನ್ನು ಈ ಪ್ರಶ್ನೆಗಳನ್ನು ಕೇಳಿದ್ದು ಅದೇ ಮೊದಲು. ಪಕ್ಕದ ಮನೆಯ ಆ ತಾಯಿ ಕೆಲಸಕ್ಕೆ ರಜೆ ಹಾಕಿ ಬಂದು ಸಾಕ್ಷಿ ಹೇಳಿದರು. ‘ಇವರು ಇಲ್ಲಿಂದ ಹೋದರೆ ನಿಮಗೇನು ನಷ್ಟ?’ ಎಂದು ಇಲಾಖೆಯ ವಕೀಲರು ಕೇಳಿದಾಗ, ‘ನಷ್ಟದ ಲೆಕ್ಕ ನನಗೆ ಗೊತ್ತಿಲ್ಲ, ಇವರು ನಮ್ಮ ಬೀದಿಯವರು’ ಎಂದರು. ಗಡುವು ತಪ್ಪಿದ್ದು ಅರ್ಜಿದಾರನ ದೋಷದಿಂದಲ್ಲ ಎಂದು ಕೆಲವು ವಾರಗಳ ನಂತರ ಆದೇಶ ಬಂತು, ಹೊಸ ಪರವಾನಗಿಯೂ ಬಂತು. ಆದರೆ ಆದೇಶ ಹಿಂದಿನದಕ್ಕೆ ಅನ್ವಯವಾಗುವುದಿಲ್ಲ. ನಡುವಿನ ಆ ತಿಂಗಳುಗಳು ಕಡತದಲ್ಲಿ ಅನುಮತಿಯಿಲ್ಲದ ವಾಸವಾಗಿಯೇ ಉಳಿದಿವೆ. ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಿದರೂ ‘ನೀವು ಎಂದಾದರೂ, ಯಾವುದಾದರೂ ದೇಶದಲ್ಲಿ ಅನುಮತಿಯಿಲ್ಲದೆ ಉಳಿದಿದ್ದೀರಾ?’ ಎಂಬ ಪ್ರಶ್ನೆ ಬಂದರೆ ನಾನು ‘ಹೌದು’ ಎಂದು ಗುರುತು ಹಾಕಿ ಆದೇಶದ ಪ್ರತಿಯನ್ನು ಲಗತ್ತಿಸಬೇಕು.

ಆರೈಕೆಯ ಕೆಲಸದ ಆ ಹೆಂಗಸಿನ ಮೇಲ್ಮನವಿ ತಿರಸ್ಕೃತವಾಯಿತು. ಗಡೀಪಾರಾದರೆ ಮತ್ತೆ ಬರಲು ವರ್ಷಗಟ್ಟಲೆ ನಿಷೇಧ ಬೀಳುತ್ತದೆಂದು ಅವರು ತಾವಾಗಿಯೇ ಹೊರಡಲು ಒಪ್ಪಿದರು. ಬಾಕಿ ಸಂಬಳದ ದೂರನ್ನು ಅಷ್ಟರವರೆಗೆ ಅವರು ಕೊಟ್ಟಿರಲೇ ಇಲ್ಲ. ಕೊಟ್ಟರೆ ಹಿಡಿದುಹಾಕುತ್ತಾರೆಂಬ ಭಯವಿತ್ತು. ಹೊರಡುವ ಮುನ್ನ ನಮ್ಮ ವಕೀಲರ ಕಚೇರಿಯಲ್ಲಿ ನನ್ನ ಹೆಸರಿಗೆ ಅಧಿಕಾರಪತ್ರ ಬರೆದುಕೊಟ್ಟರು. ವೃದ್ಧರ ಔಷಧಿಯ ವೇಳಾಪಟ್ಟಿಯನ್ನು ಅವರು ದಿನವೂ ಬರೆದಿಟ್ಟ ನೋಟ್‌ಬುಕ್ಕುಗಳು ನನ್ನ ಬಳಿ ಇವೆ, ಕೆಲಸ ಮಾಡಿದ್ದಕ್ಕೆ ಅವೇ ಪುರಾವೆ. ಕಾರ್ಮಿಕ ನ್ಯಾಯಾಲಯದಲ್ಲಿ ದಾವೆ ಹೂಡಿದ್ದೇವೆ. ಅನುಮತಿಯಿಲ್ಲದೆ ಇದ್ದವರಿಗೆ ಸಂಬಳ ಕೇಳುವ ಹಕ್ಕಿಲ್ಲ ಎಂದು ಎದುರು ಪಕ್ಷದವರು ವಾದಿಸುತ್ತಿದ್ದಾರೆ. ಆ ಹೆಂಗಸಿನ ಕೈಗಳು ಆ ತಿಂಗಳುಗಳಲ್ಲಿ ಮಾಡಿದ ಕೆಲಸಕ್ಕೆ ಯಾವ ಪರವಾನಗಿಯ ಪ್ರಶ್ನೆಯೂ ಏಳುವುದಿಲ್ಲ ಎಂದು ನಾವು ವಾದಿಸುತ್ತಿದ್ದೇವೆ. ಮುಂದಿನ ವಿಚಾರಣೆಯ ದಿನ ಗೊತ್ತಾಗಿದೆ, ನೋಟ್‌ಬುಕ್ಕುಗಳನ್ನು ಅಂದು ಹಾಜರುಪಡಿಸಬೇಕು.